ಮುದ್ದೆ ತಿರುವಲಾಗದ ಕೈ

‘ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ.’ ಜಗತ್ತಿನ ಆಸ್ಪತ್ರೆಗಳೆಲ್ಲ ಇಂದು ಕೇಳುವ ಪ್ರಶ್ನೆ ಇದು. ಇದನ್ನೇ ಮಾಗಡಿ ಕಡೆಯ ಅಥವಾ ಕನಕಪುರ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ಕೇಳಿದರೆ ಅಂಕಿ ಬರುವುದು ಅಪರೂಪ. ‘ಮುದ್ದೆ ತಿರುವಾಕಾಗಲ್ಲ ಡಾಕ್ಟ್ರಮ್ಮ’ ಎನ್ನುತ್ತಾಳೆ. ‘ಕಳೆ ಕೀಳಾಕೆ ಕುಂತ್ರೆ ಏಳಾಕಾಗಲ್ಲ’ ಎನ್ನುತ್ತಾಳೆ. ‘ಜಡೆ ಹೆಣ್ಕೊಳ್ಳಾಕೆ ಮಗಳನ್ನ ಕರೀಬೇಕು’ ಎನ್ನುತ್ತಾಳೆ. ಚೀಟಿಯಲ್ಲಿ ಇಂಥ ಉತ್ತರಕ್ಕೆ ಜಾಗವಿಲ್ಲ. ಹಾಗಾಗಿ ಕೇಳಿದವರು ತಾವೇ ಅಂದಾಜಿಗೆ ಆರೋ ಏಳೋ ಬರೆದುಕೊಳ್ಳುತ್ತಾರೆ.

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ ಎಂದು ನಾವು ತಿಳಿಯುತ್ತೇವೆ. ನನಗಂತೂ ಅವಳ ಉತ್ತರವೇ ಸರಿ ಎನಿಸುತ್ತದೆ. ನೋವು ಎಷ್ಟು ಎಂದು ಕೇಳಿದರೆ ಅವಳು ತನ್ನ ಬದುಕಿನಲ್ಲಿ ಏನು ನಿಂತುಹೋಗಿದೆ ಎಂದು ಹೇಳುತ್ತಾಳೆ. ನೋವನ್ನು ಓದಿದವರಲ್ಲಿ ಒಂದು ಗುಂಪು, ಆಕ್ಯುಪೇಷನಲ್ ಥೆರಪಿಯ ವಿದ್ವಾಂಸರು, ದಶಕಗಳ ಸಂಶೋಧನೆಯ ನಂತರ ಬಂದು ನಿಂತದ್ದು ಅವಳು ಮೊದಲಿನಿಂದ ನಿಂತಿದ್ದ ಜಾಗದಲ್ಲೇ.

ಫಿಸಿಯೋಥೆರಪಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಕ್ಯುಪೇಷನಲ್ ಥೆರಪಿ ಅಷ್ಟು ಗೊತ್ತಿಲ್ಲ. ಫಿಸಿಯೋಥೆರಪಿಸ್ಟ್ ಭುಜ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ನೋಡುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಆ ಭುಜ ಎತ್ತಿ ಅಟ್ಟದ ಮೇಲಿನ ಪಾತ್ರೆ ಇಳಿಸಲು ಆಯಿತೇ ಎಂದು ನೋಡುತ್ತಾರೆ. ಲಕ್ವ ಹೊಡೆದವನಿಗೆ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವವರು, ಪೆನ್ಸಿಲ್ ಹಿಡಿಯಲಾಗದ ಮಗುವಿಗೆ ಹಿಡಿತ ಬರಿಸುವವರು, ಸುಟ್ಟ ಕೈ ಸೆಟೆದುಕೊಳ್ಳದಂತೆ ಪಟ್ಟಿ ಕಟ್ಟುವವರು ಇವರೇ. ಮನುಷ್ಯ ತನ್ನ ಕೈಯಾರೆ ಮಾಡುವ ಕೆಲಸವೇ ಅವನನ್ನು ಮತ್ತೆ ಮನುಷ್ಯನನ್ನಾಗಿ ನಿಲ್ಲಿಸುತ್ತದೆ ಎಂಬುದು ಈ ವಿದ್ಯೆಯ ಬುಡದಲ್ಲಿರುವ ನಂಬಿಕೆ. 1917ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವೇ ಮಂದಿ ಸೇರಿ ಇದಕ್ಕೊಂದು ಸಂಘ ಕಟ್ಟಿದರು. ಆಗ ಅವರ ಕೈಯಲ್ಲಿದ್ದ ಔಷಧಿ ಎಂದರೆ ನೇಯ್ಗೆ, ಬುಟ್ಟಿ ಹೆಣಿಗೆ, ಮರಗೆಲಸ, ತೋಟಗಾರಿಕೆ.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. 1900ರಲ್ಲಿ ಅಮೆರಿಕದ ಕ್ವೇಕರ್ ಕುಟುಂಬವೊಂದರಲ್ಲಿ ಎಲಿಜಬೆತ್ ಲಂಡಿ ಎಂಬ ಹೆಸರಿನಲ್ಲಿ ಹುಟ್ಟಿ, ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದವರು. ಭಾರತದ ಸೊಸೆಯಾಗಿ ವರ್ಷಗಳು ಕಳೆದ ಮೇಲೆ, ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ಈ ವಿದ್ಯೆ ಕಲಿತರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಇದರ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಕಟ್ಟಿದ ಜಾಗತಿಕ ಒಕ್ಕೂಟದ ಸ್ಥಾಪಕ ದೇಶಗಳ ಸಾಲಿನಲ್ಲಿ ಭಾರತವೂ ನಿಂತಿತು. ಐವತ್ತರ ವಯಸ್ಸಿನಲ್ಲಿ ಒಂದು ವೃತ್ತಿಯನ್ನು ಬೀಜದಿಂದ ಬೆಳೆಸಲು ಹೊರಡುವುದು ಸಣ್ಣ ಮಾತಲ್ಲ. ಇಂದು ಮಣಿಪಾಲದಲ್ಲಿ, ವೆಲ್ಲೂರಿನಲ್ಲಿ ಇದನ್ನು ಓದುವ ಹುಡುಗ ಹುಡುಗಿಯರು ಆಕೆಯ ಹೆಸರನ್ನು ಒಮ್ಮೆಯಾದರೂ ನೆನೆಯಬೇಕು.

ನೋವಿನ ವಿಷಯಕ್ಕೆ ಬರುತ್ತೇನೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಡೆಕಾರ್ಟ್ ಹಾಕಿಕೊಟ್ಟ ಚಿತ್ರವೇ ಬಹುಕಾಲ ವೈದ್ಯರ ತಲೆಯಲ್ಲಿತ್ತು. ಕಾಲಿಗೆ ಬೆಂಕಿ ತಾಗಿತು, ಸುದ್ದಿ ನರದ ದಾರಿಯಲ್ಲಿ ಮಿದುಳಿಗೆ ಹೋಯಿತು, ನೋವಾಯಿತು. ಪೆಟ್ಟು ಎಷ್ಟೋ ನೋವು ಅಷ್ಟು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ಲೆಕ್ಕ ತಪ್ಪು ಎಂದರು. ಬೆನ್ನುಹುರಿಯಲ್ಲೇ ಒಂದು ಬಾಗಿಲಿದೆ, ಅದು ಎಷ್ಟು ತೆರೆಯಬೇಕು ಎಷ್ಟು ಮುಚ್ಚಬೇಕು ಎಂಬುದರಲ್ಲಿ ಮಿದುಳಿನ ಕೈವಾಡವೂ ಇದೆ ಎಂದು ತೋರಿಸಿದರು. ಭಯ, ಚಿಂತೆ, ಹಿಂದಿನ ಅನುಭವ, ಗಮನ ಎಲ್ಲಿದೆ ಎಂಬುದು, ಎಲ್ಲವೂ ಆ ಬಾಗಿಲಿನ ಮೇಲೆ ಕೆಲಸ ಮಾಡುತ್ತವೆ. ಮೂರು ತಿಂಗಳು ಮೀರಿದ ಹಳೆಯ ನೋವಿನಲ್ಲಂತೂ, ಮೊದಲ ಗಾಯ ಮಾಯ್ದ ಮೇಲೂ ನರವ್ಯೂಹ ನೋವನ್ನೇ ಅಭ್ಯಾಸ ಮಾಡಿಕೊಂಡು ಕೂತಿರಬಹುದು. ಎಕ್ಸ್‌ರೇ ಸರಿಯಿದೆ, ಎಂ.ಆರ್.ಐ. ಸರಿಯಿದೆ, ಆದರೂ ಸೊಂಟ ನೋಯುತ್ತದೆ. ‘ಏನೂ ಇಲ್ಲಮ್ಮ, ಎಲ್ಲ ಮನಸ್ಸಿಂದು’ ಎಂದು ಕಳುಹಿಸಿಬಿಡುವ ಮಾತು ವಿಜ್ಞಾನದ ದೃಷ್ಟಿಯಿಂದಲೂ ಸುಳ್ಳು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬುದನ್ನೂ ಸೇರಿಸಿತು. ಹೊಲದಿಂದ ಬಂದ, ಮಾತು ಬಾರದ, ಗಂಡನೂ ಅತ್ತೆಯೂ ನಂಬದ ಹೆಣ್ಣಿಗೆ ಈ ಒಂದು ವಾಕ್ಯ ಎಷ್ಟು ದೊಡ್ಡದು ಎಂದು ಯೋಚಿಸುತ್ತೇನೆ.

ದೇಹವೇ ಇಲ್ಲದ ಕಡೆಯಲ್ಲೂ ನೋವು ಇರಬಲ್ಲದು. ಕಡಿದುಹೋದ ಕೈ ನೋಯುತ್ತದೆ ಎಂಬುದನ್ನು ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಕಂಡ ವೈದ್ಯ ವೀರ್ ಮಿಚೆಲ್ 1871ರಲ್ಲಿ ಅದಕ್ಕೆ ‘ಫ್ಯಾಂಟಮ್ ಲಿಂಬ್’ ಎಂಬ ಹೆಸರಿಟ್ಟರು. ರಾಮನಗರದವರಿಗೆ ಕೈ ಕಳೆದುಕೊಂಡವನೆಂದರೆ ಮೊದಲು ನೆನಪಾಗುವುದು ‘ಶೋಲೆ’ಯ ಠಾಕೂರ್. ರಾಮದೇವರ ಬೆಟ್ಟದ ಆ ಬಂಡೆಗಳ ನಡುವೆಯೇ ಗಬ್ಬರ್ ಅವನ ಎರಡೂ ತೋಳು ಕಡಿದದ್ದು. 1975ರಿಂದ ಆ ಚಿತ್ರವನ್ನು ನೋಡುತ್ತಾ ಬಂದ ನಾವು ಠಾಕೂರನ ಸೇಡನ್ನು ನೋಡಿದೆವು. ಅವನಿಗೆ ಊಟ ಮಾಡಿಸುವವರು ಯಾರು, ಹೆಗಲ ಮೇಲಿನ ಶಾಲು ಜಾರಿದರೆ ಸರಿಮಾಡುವವರು ಯಾರು, ರಾತ್ರಿ ಸೊಳ್ಳೆ ಕಚ್ಚಿದರೆ ಏನು ಮಾಡುತ್ತಾನೆ ಎಂದು ಕೇಳಿಕೊಂಡವರು ಕಡಿಮೆ. ಅವನ ಆಳು ರಾಮಲಾಲ್ ಮೌನವಾಗಿ ಅದೆಲ್ಲವನ್ನೂ ಹೊತ್ತಿದ್ದಾನೆ. ಆಕ್ಯುಪೇಷನಲ್ ಥೆರಪಿಯ ವಿದ್ಯಾರ್ಥಿ ಆ ಚಿತ್ರ ನೋಡಿದರೆ ಅವನ ಕಣ್ಣು ಹೋಗಬೇಕಾದದ್ದು ರಾಮಲಾಲನ ಕಡೆಗೆ. 1990ರ ದಶಕದಲ್ಲಿ ವಿ.ಎಸ್. ರಾಮಚಂದ್ರನ್ ಸಾಮಾನ್ಯ ಕನ್ನಡಿಯೊಂದನ್ನು ಪೆಟ್ಟಿಗೆಯಲ್ಲಿಟ್ಟು, ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸಿದರು. ವರ್ಷಗಳಿಂದ ಬಿಗಿದ ಮುಷ್ಟಿಯಂತೆ ನೋಯುತ್ತಿದ್ದ ಇಲ್ಲದ ಕೈ ಕೆಲವರಲ್ಲಿ ಸಡಿಲಗೊಂಡಿತು. ಆ ಕನ್ನಡಿ ಇಂದು ಲಕ್ವ ಹೊಡೆದವರ ಕೈಯನ್ನು ಪಳಗಿಸಲೂ ಥೆರಪಿಸ್ಟರ ಮೇಜಿನ ಮೇಲಿದೆ.

ನೋವಿನ ಸಂಶೋಧನೆಗೆ ಕೆಲಸದ ಪ್ರಶ್ನೆಯನ್ನು ತಂದು ಸೇರಿಸಿದವರಲ್ಲಿ ಆಸ್ಟ್ರೇಲಿಯಾದ ಜೆನ್ನಿ ಸ್ಟ್ರಾಂಗ್ ಮುಖ್ಯರು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಕ್ಯುಪೇಷನಲ್ ಥೆರಪಿಯ ಪ್ರಾಧ್ಯಾಪಕಿಯಾಗಿದ್ದ ಆಕೆ 1996ರಲ್ಲಿ ದೀರ್ಘಕಾಲದ ನೋವನ್ನು ತಮ್ಮ ವೃತ್ತಿಯ ಕಣ್ಣಿನಿಂದ ನೋಡಿದ ಪುಸ್ತಕ ಬರೆದರು. 2002ರಲ್ಲಿ ಕೆನಡಾದ ಅನಿತಾ ಉನ್ರೂ ಮುಂತಾದವರ ಜೊತೆ ಸೇರಿ ಥೆರಪಿಸ್ಟರಿಗಾಗಿ ನೋವಿನ ಪಠ್ಯಪುಸ್ತಕವೊಂದನ್ನು ಸಂಪಾದಿಸಿದರು. ಇಂಥ ಒಂದು ವೃತ್ತಿಜೀವನವನ್ನು ಏನೆಂದು ಅಳೆಯುವುದು? ಸರ್ಜನ್ ಒಬ್ಬರ ಬಳಿ ಹೇಳಿಕೊಳ್ಳಲು ಗುಣವಾದವರ ಲೆಕ್ಕವಿರುತ್ತದೆ. ಹಳೆಯ ನೋವನ್ನು ಓದುವವರ ಬಳಿ ಅಂಥ ಲೆಕ್ಕವಿಲ್ಲ. ಅವರ ಬಳಿ ಬಂದವರಲ್ಲಿ ಅನೇಕರ ನೋವು ಕೊನೆಯವರೆಗೂ ಉಳಿಯುತ್ತದೆ. ನೋವು ಹಾಗೆಯೇ ಇದ್ದರೂ ಅವಳು ಮತ್ತೆ ಒಲೆಯ ಮುಂದೆ ನಿಂತಳು, ಹೂ ಕಟ್ಟಿದಳು, ಮೊಮ್ಮಗುವನ್ನು ಎತ್ತಿಕೊಂಡಳು ಎಂಬುದೇ ಅವರ ಗೆಲುವು. ಗುಣಪಡಿಸಲಾಗದ್ದರ ಪಕ್ಕದಲ್ಲಿ ಮೂವತ್ತು ನಲವತ್ತು ವರ್ಷ ಕೂತು, ಅಲ್ಲಿಂದ ಎದ್ದು ಹೋಗದೆ ಇರುವುದಕ್ಕೆ ಬೇಕಾದ ಶ್ರದ್ಧೆ ಬೇರೆಯೇ. ನನಗೆ ಅದು ವೈದ್ಯಕೀಯದ ಅತ್ಯಂತ ಪ್ರಾಮಾಣಿಕ ಜಾಗವೆಂದು ತೋರುತ್ತದೆ.

ಕೆನಡಾದ ಮೇರಿ ಲಾ ಮತ್ತು ಸಂಗಾತಿಗಳು 1991ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲು ಇದೆ. ಅದರಲ್ಲಿ ಸಿದ್ಧಪ್ರಶ್ನೆಗಳ ಪಟ್ಟಿಯೇ ಇಲ್ಲ. ನಿಮಗೆ ಮಾಡಬೇಕಾಗಿದ್ದು ಮಾಡಲಾಗದ ಕೆಲಸ ಯಾವುದು ಎಂದು ರೋಗಿಯನ್ನೇ ಕೇಳುತ್ತಾರೆ. ಅದು ನಿಮಗೆಷ್ಟು ಮುಖ್ಯ, ಈಗ ಎಷ್ಟು ಮಾಡಬಲ್ಲಿರಿ, ಅದರಲ್ಲಿ ನಿಮಗೆಷ್ಟು ತೃಪ್ತಿ ಎಂದು ಒಂದರಿಂದ ಹತ್ತರೊಳಗೆ ಅವರೇ ಹೇಳುತ್ತಾರೆ. ಅಂಕಿ ಇಲ್ಲಿಯೂ ಇದೆ. ಆದರೆ ಮೊದಲು ಕೆಲಸದ ಹೆಸರು, ಆಮೇಲೆ ಅಂಕಿ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಇನ್ನೊಂದು ಪ್ರಸಿದ್ಧ ಪ್ರಶ್ನಾವಳಿಯನ್ನು ನೋಡಬೇಕು. ಭುಜ, ತೋಳು, ಕೈಗಳ ತೊಂದರೆ ಅಳೆಯಲು ಪ್ರಪಂಚದಾದ್ಯಂತ ಬಳಸುವ ‘ಡ್ಯಾಶ್’ನಲ್ಲಿ 30 ಪ್ರಶ್ನೆಗಳಿವೆ. ಬಿಗಿಯಾದ ಜಾಡಿಯ ಮುಚ್ಚಳ ತೆರೆಯುವುದು, ಬೀಗದ ಕೈ ತಿರುಗಿಸುವುದು, ಹಾಸಿಗೆ ಸರಿಮಾಡುವುದು ಅಲ್ಲಿವೆ. ಬಿಡುವಿನ ಆಟಗಳಿಗೆ ಉದಾಹರಣೆಯಾಗಿ ಗಾಲ್ಫ್, ಟೆನಿಸ್, ಫ್ರಿಸ್ಬಿ ಇವೆ. ಕನಕಪುರದ ತಾಯಿಗೆ ಗಾಲ್ಫ್ ಎಂದು ಓದಿ ಹೇಳಿದರೆ ಅವಳು ಏನೆಂದುಕೊಳ್ಳಬೇಕು? ನಮ್ಮ ಕಡೆಯ ಪ್ರಶ್ನಾವಳಿ ಬರೆಯುವುದಾದರೆ ಅದರಲ್ಲಿ ಕುದಿಯುವ ಹಿಟ್ಟನ್ನು ಕೋಲಿನಿಂದ ತಿರುವಿ ಬಿಸಿಬಿಸಿಯಾಗಿ ಮುದ್ದೆ ಕಟ್ಟುವುದು ಇರಬೇಕು. ಆ ಒಂದು ಕೆಲಸದಲ್ಲಿ ಮಣಿಕಟ್ಟು, ಮೊಣಕೈ, ಭುಜ, ಸೊಂಟ ಎಲ್ಲದರ ಪರೀಕ್ಷೆ ಆಗಿಹೋಗುತ್ತದೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ತಲೆಗೇರಿಸುವುದು, ಹಸುವಿನ ಹಾಲು ಕರೆಯುವುದು, ಸೀರೆಯ ನೆರಿಗೆ ಹಿಡಿಯುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಇರಬೇಕು. ಕೂತು ಏಳಲಾಗದ ಮುದುಕಿ ಮದುವೆಯ ಪಂಕ್ತಿಯಿಂದ ಹೊರಗುಳಿಯುತ್ತಾಳೆ. ಅದೂ ಒಂದು ಅಂಗವೈಕಲ್ಯ. ಮಂಡಿಯ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಇಲ್ಲಿಗೆ ಬಂದಾಗ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಕೆಲಸವೇ ಮದ್ದು ಎನ್ನುವ ವಿದ್ಯೆ, ಕೆಲಸದಿಂದಲೇ ದೇಹ ಸವೆದ ಊರಿಗೆ ಬಂದರೆ ಏನು ಹೇಳಬೇಕು?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಿಂದ ಹೊರಟ ಗೂಡು ಬಿಚ್ಚಾಣಿಕೆ ಘಟಕಕ್ಕೆ ಹೋಗುತ್ತದೆ. ಒಂದು ಗೂಡಿನೊಳಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಇರುತ್ತದೆ. ಗೂಡನ್ನು ಬೇಯಿಸಿ, ಬಿಸಿನೀರಿನ ಬೇಸಿನ್ನಿನಲ್ಲಿ ತೇಲಿಬಿಟ್ಟು, ಬೆರಳ ತುದಿಯಿಂದ ಎಳೆಯ ಕೊನೆ ಹುಡುಕಿ, ಹಲವು ಎಳೆ ಕೂಡಿಸಿ ರಾಟೆಗೆ ಕೊಡಬೇಕು. ಎಳೆ ತುಂಡಾದಾಗಲೆಲ್ಲ ಮತ್ತೆ ಬೆರಳು ನೀರಿಗೆ. ಸ್ವಯಂಚಾಲಿತ ಯಂತ್ರಗಳು ಬಂದಿವೆ ನಿಜ, ಚರಕವೂ ಕಾಟೇಜ್ ಬೇಸಿನ್ನೂ ಇನ್ನೂ ಇವೆ. ಅಲ್ಲಿ ದಿನವಿಡೀ ನಿಂತವರ ಬೆರಳ ಚರ್ಮ ಸುಲಿದಿರುತ್ತದೆ, ಮಣಿಕಟ್ಟು ಹಿಡಿದಿರುತ್ತದೆ, ಹುಳುವಿನ ವಾಸನೆಗೆ ಉಸಿರು ಕಟ್ಟಿರುತ್ತದೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತಿಗೆ ಕಟ್ಟಿ ಉಳಿ ಹಿಡಿದು ಬಗ್ಗಿದವನ ಕತ್ತು ಸಂಜೆಗೆ ಮೇಲೇಳುವುದಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೇ ಬಣ್ಣ ಕರಗಿ ಹತ್ತುತ್ತದಲ್ಲ, ಆ ಒತ್ತುವ ಹೆಬ್ಬೆರಳಿಗೂ ಒಂದು ಲೆಕ್ಕವಿದೆ. ಆ ಬೊಂಬೆಗಳೇ, ಬಳೆಯಂತೆ ಒಂದರ ಮೇಲೊಂದು ಪೇರಿಸುವ ಆ ಉಂಗುರಗಳೇ, ಹಿಡಿತ ಬಾರದ ಮಕ್ಕಳ ಕೈ ಪಳಗಿಸಲು ಥೆರಪಿ ಕೋಣೆಗಳಿಗೆ ಒದಗುತ್ತವೆ. ಮಾಡಿದವನ ಕೈ ನೋಯುತ್ತದೆ, ಆಡಿದ ಮಗುವಿನ ಕೈ ಚಿಗುರುತ್ತದೆ.

ಈ ಗಂಟನ್ನು ಬಿಡಿಸಲು ನನಗೆ ನೆರವಾದದ್ದು ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ಅನುಭವ. ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದವರು ಅವರು. ಒಮ್ಮೆ ತುಕ್ಕು ಹಿಡಿದ ಬೀಗವನ್ನು ತೆಗೆಯಲಾಗದೆ ಒದ್ದಾಡುತ್ತಿದ್ದರು. ಸಣಕಲು ಹುಡುಗನೊಬ್ಬ ಬಂದು ಒಂದೇ ತಿರುವಿಗೆ ತೆಗೆದುಬಿಟ್ಟ. ನೆಲದ ಮೇಲೆ ರಕ್ತ ಕಂಡಾಗಲೇ ಗೊತ್ತಾದದ್ದು, ಅವನ ಬೆರಳು ಮೂಳೆಯವರೆಗೆ ಸೀಳಿತ್ತು. ಅವನಿಗೆ ತಿಳಿದೇ ಇರಲಿಲ್ಲ. ಕುಷ್ಠದಲ್ಲಿ ಬೆರಳುಗಳು ರೋಗದಿಂದ ಉದುರಿಹೋಗುತ್ತವೆ ಎಂಬ ನಂಬಿಕೆಯನ್ನು ಬ್ರ್ಯಾಂಡ್ ಒಡೆದರು. ನರ ಸತ್ತು ನೋವು ಹೋದ ಕೈಯನ್ನು ಕೆಲಸವೇ ತಿನ್ನುತ್ತದೆ. ವೆಲ್ಲೂರಿನಲ್ಲಿ ಗುಣವಾದವರು ಬದುಕು ಕಟ್ಟಿಕೊಳ್ಳಲೆಂದು ಅವರು ಮರಗೆಲಸ ಕಲಿಸಿದರು, ಮರದ ಆಟಿಕೆ ಮಾಡಿಸಿದರು. ಅಲ್ಲಿ ಕಂಡದ್ದು, ನೋವಿಲ್ಲದ ಕೈ ಉಪಕರಣವನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿದು ತನ್ನನ್ನು ತಾನೇ ಗಾಯಮಾಡಿಕೊಳ್ಳುತ್ತದೆ. ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ನೋವಿನ ಬದಲಿಗೆ ಎಚ್ಚರಿಕೆ ಕೊಡುವ ವಿದ್ಯುತ್ ಕೈಗವಸು ಮಾಡಿ ನೋಡಿದರು. ಅದು ಸೋತಿತು. ಕೆಲಸ ಮುಗಿಸುವ ಅವಸರದಲ್ಲಿ ರೋಗಿಗಳು ಆ ಎಚ್ಚರಿಕೆಯನ್ನೇ ಆರಿಸಿಬಿಡುತ್ತಿದ್ದರು.

ಇದನ್ನು ಓದಿದಾಗ ನನಗೆ ನಮ್ಮ ಊರುಗಳ ಮೆಡಿಕಲ್ ಶಾಪ್ ಕಣ್ಣಿಗೆ ಬಂತು. ಬೆಳಿಗ್ಗೆ ಒಂದು ನೋವಿನ ಮಾತ್ರೆ ನುಂಗಿ ಕೂಲಿಗೆ ಹೋಗುವವರು, ವಾರಕ್ಕೊಂದು ಸೂಜಿ ಹಾಕಿಸಿಕೊಂಡು ರಾಗಿ ಕೊಯ್ಯುವವರು ಮಾಡುತ್ತಿರುವುದೂ ಅದನ್ನೇ. ಕುಷ್ಠದ ಹುಡುಗನಿಗೆ ಎಚ್ಚರಿಕೆ ಇರಲಿಲ್ಲ. ಇವರಿಗೆ ಇದೆ, ಅದನ್ನು ಕೇಳಿಸಿಕೊಳ್ಳಲು ದಿನಗೂಲಿ ಬಿಡುವುದಿಲ್ಲ. ಅಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಮಾಗಡಿ ತಾಲ್ಲೂಕಿನ ವೀರಾಪುರ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಹುಟ್ಟೂರು. ಕಾಯಕವೆಂಬ ಮಾತು ಈ ಸೀಮೆಯಲ್ಲಿ ಗಾಳಿಯಲ್ಲೇ ಇದೆ. ಕಾಯಕವನ್ನು ನಾನು ನಂಬುತ್ತೇನೆ. ಆದರೆ ಅದನ್ನು ಹೊಗಳುವ ಭಾಷಣಗಳಲ್ಲಿ ಕಾಯದ ಲೆಕ್ಕ ಬರುವುದಿಲ್ಲ ಎಂಬುದು ನನ್ನ ದೂರು. ದುಡಿಯುವ ದೇಹಕ್ಕೆ ಇರುವ ಮಿತಿ, ಅದಕ್ಕೆ ಸಲ್ಲಬೇಕಾದ ವಿಶ್ರಾಂತಿ, ಅದರ ಅಳತೆಗೆ ಹೊಂದಬೇಕಾದ ಉಪಕರಣ, ಇವೂ ಕಾಯಕದ ಒಳಗಿನ ಮಾತುಗಳೇ. ಆಕ್ಯುಪೇಷನಲ್ ಥೆರಪಿ ಹೇಳುವುದು ಇದನ್ನು. ಕೆಲಸ ಬಿಡು ಎನ್ನುವುದಿಲ್ಲ, ಸಹಿಸಿಕೊಂಡು ಮಾಡು ಎಂದೂ ಎನ್ನುವುದಿಲ್ಲ. ಬೇಸಿನ್ನಿನ ಎತ್ತರ ಬದಲಿಸು, ಉಳಿಯ ಹಿಡಿ ದಪ್ಪ ಮಾಡು, ಒಲೆಯನ್ನು ನೆಲದಿಂದ ಮೇಲೆತ್ತು ಎನ್ನುತ್ತದೆ.

ಇನ್ನೊಂದು ಸೂತ್ರ ಬಹಳ ಸರಳವಾದದ್ದು, ಅಷ್ಟೇ ಕಷ್ಟದ್ದು. ಹಳೆಯ ನೋವಿನವರು ಮೈ ಹಗುರಾದ ದಿನ ಇರುವ ಕೆಲಸವನ್ನೆಲ್ಲ ಮುಗಿಸಲು ಹೊರಡುತ್ತಾರೆ. ಮರುದಿನ, ಅದರ ಮರುದಿನ ಏಳಲಾರರು. ಮತ್ತೆ ಹಗುರಾದ ದಿನ ಅದೇ ಓಟ. ಒಂದೊಂದು ಸುತ್ತಿಗೂ ಮಾಡಬಲ್ಲ ಕೆಲಸ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ನೋವು ಬಂದ ಮೇಲೆ ನಿಲ್ಲಿಸಬೇಡ, ಗಡಿಯಾರ ನೋಡಿ ಮೊದಲೇ ನಿಲ್ಲಿಸು, ನೋವಿದ್ದರೂ ಇಲ್ಲದಿದ್ದರೂ ಇಷ್ಟು ಹೊತ್ತು ಮಾಡು, ಇಷ್ಟು ಹೊತ್ತು ಕೂರು, ವಾರ ವಾರಕ್ಕೆ ತುಸು ಹೆಚ್ಚಿಸು ಎಂಬುದು ಥೆರಪಿಸ್ಟರು ಕಲಿಸುವ ದಾರಿ. ಮನೆಯ ಹೆಂಗಸಿಗೆ ಇದನ್ನು ಕಲಿಸಬೇಕಾದರೆ ಮೊದಲು ಮನೆಯವರಿಗೆ ಕಲಿಸಬೇಕು. ಅರ್ಧ ಪಾತ್ರೆ ತೊಳೆದು ಕೂತ ಸೊಸೆಯನ್ನು ಸೋಮಾರಿ ಎನ್ನುವ ಮನೆಯಲ್ಲಿ ಯಾವ ಚಿಕಿತ್ಸೆಯೂ ನಡೆಯದು.

ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದರೆ ಸುಮನಹಳ್ಳಿ ಸಿಗುತ್ತದೆ. 1970ರ ದಶಕದ ಕೊನೆಯಲ್ಲಿ ಕುಷ್ಠ ಗುಣವಾದವರ ಪುನರ್ವಸತಿಗೆಂದು ಶುರುವಾದ ಜಾಗ. ಚರ್ಮದ ಕೆಲಸ, ಹೊಲಿಗೆ ಕಲಿತು ಅಲ್ಲಿಂದ ಹೊರಬಂದವರಿದ್ದಾರೆ. 1959ರಲ್ಲಿ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಕಟ್ಟಿದ ಅಂಗವಿಕಲರ ಸಂಸ್ಥೆ ತೋಟಗಾರಿಕೆಯನ್ನೇ ಬದುಕಿನ ದಾರಿಯಾಗಿ ಕೊಟ್ಟಿತು. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ ಇದೆ, ಹೊಲಿಗೆ ಇದೆ. ಬೆಂಗಳೂರಿನ ಸುತ್ತ ಇಷ್ಟೆಲ್ಲ ಇದ್ದು, ಐವತ್ತು ಕಿಲೋಮೀಟರ್ ಆಚೆಗೆ ಬಂದರೆ ಆಕ್ಯುಪೇಷನಲ್ ಥೆರಪಿ ಎಂಬ ಹೆಸರೇ ಕಿವಿಗೆ ಬೀಳುವುದಿಲ್ಲ. ಹಳ್ಳಿಗಳಲ್ಲಿ ನಮಗಿರುವವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಗೌರವಧನಕ್ಕೆ ದುಡಿಯುವವರು. ಪಿಂಚಣಿ ಅರ್ಜಿ, ಗುರುತಿನ ಚೀಟಿಗಳಲ್ಲೇ ಅವರ ದಿನ ಕಳೆದುಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ದೀರ್ಘಕಾಲದ ನೋವು ಆ ಪಟ್ಟಿಯಲ್ಲಿಲ್ಲ. ಇಪ್ಪತ್ತು ವರ್ಷ ಗೂಡು ಬಿಚ್ಚಿ ಕೈ ಮುಷ್ಟಿ ಕಟ್ಟಲಾರದ ಹೆಣ್ಣು ಕಾಗದದ ಮೇಲೆ ಆರೋಗ್ಯವಂತೆ.

2021ರಲ್ಲಿ ಸಂಸತ್ತು ಆರೋಗ್ಯ ಸಂಬಂಧಿ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಆಕ್ಯುಪೇಷನಲ್ ಥೆರಪಿಗೆ ಅದರಲ್ಲಿ ಸ್ಥಾನ ಸಿಕ್ಕಿದೆ. 2007ರಲ್ಲಿ ಜಿಲ್ಲೆಯಾದ ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಇಲ್ಲಿನ ಅರ್ಚಕರಹಳ್ಳಿಯಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಜಾಗ ಗೊತ್ತಾಗಿ ವರ್ಷಗಳೇ ಆದವು. ಆ ವಿಶ್ವವಿದ್ಯಾಲಯ ಇಲ್ಲಿ ನೆಲೆಯೂರುವಾಗ ಅದರೊಳಗೆ ಆಕ್ಯುಪೇಷನಲ್ ಥೆರಪಿಯ ವಿಭಾಗವೊಂದು ಇರಬೇಕು. ಅಲ್ಲಿ ನೋವಿನ ಸಂಶೋಧನೆಗೆ ಜೀವನ ಮುಡಿಪಿಡುವ ಪ್ರಾಧ್ಯಾಪಕಿಯೊಬ್ಬರು ಬರಬೇಕು. ಅವರ ವಿದ್ಯಾರ್ಥಿಗಳ ಮೊದಲ ವರ್ಷದ ಪಾಠ ರಾಮನಗರದ ಬಿಚ್ಚಾಣಿಕೆ ಘಟಕಗಳಲ್ಲಿ, ಚನ್ನಪಟ್ಟಣದ ಲೇತುಗಳ ಮುಂದೆ, ಕನಕಪುರ ಮಾಗಡಿಗಳ ಅಡುಗೆಮನೆಗಳಲ್ಲಿ ನಡೆಯಬೇಕು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಾಲ್ಕೂ ಊರಿನ ಸರ್ಕಾರಿ ಆಸ್ಪತ್ರೆಗಳಿಗೆ ಒಬ್ಬೊಬ್ಬರು ಆಕ್ಯುಪೇಷನಲ್ ಥೆರಪಿಸ್ಟ್ ಬೇಕು. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ, ರಸ್ತೆ ಮತ್ತು ನೀರಿನ ಜೊತೆಗೆ ಈ ಹುದ್ದೆಯನ್ನೂ ಕೇಳಿ.